ತೊಟ್ಟಿಯ ತಳದಲ್ಲಿ ಕಪ್ಪು ನೀರು, ಕೊಳೆತ ಮೊಟ್ಟೆ ವಾಸನೆ: ಕೋಕೋಪೀಟ್ ಸಾಲುತ್ತಿಲ್ಲವಾ?

ಮೂರನೇ ತೊಟ್ಟಿ (ಪ್ರಶ್ನೆ)

ಬೆಂಗಳೂರಿನ 64 ಮನೆಗಳ ಅಪಾರ್ಟ್‌ಮೆಂಟ್. ದಿನಕ್ಕೆ 36–40 ಕೆಜಿ ಹಸಿ ಕಸ. ಅದನ್ನು ಗೊಬ್ಬರ ಮಾಡಲು ಜಾಲಿ (ಸಂದು ಬಿಟ್ಟು ಕಟ್ಟಿದ) ಇಟ್ಟಿಗೆ ಗೋಡೆಯ 4×4×4 ಅಡಿಯ ಮೂರು ತೊಟ್ಟಿಗಳಿವೆ. ಒಂದು ತುಂಬಲು ಸುಮಾರು ಒಂದು ತಿಂಗಳು. ದಿನಾ 20 ಲೀಟರ್ ಬಕೆಟ್‌ನಲ್ಲಿ ಒಂದೂವರೆ ಬಕೆಟ್ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೇಲೊಂದು ಹಿಡಿ ಮೈಕ್ರೋಬ್ ಪುಡಿ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ಪುಡಿ) ಹಾಕುತ್ತೇವೆ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ತಳದಿಂದ ಕಪ್ಪು ನೀರು, ಕೊಳೆತ ಮೊಟ್ಟೆ ವಾಸನೆ, ಗೋಡೆ ತುಂಬ ಹುಳ. ನಡುವಿನ ಉಷ್ಣಾಂಶ 38 ಡಿಗ್ರಿ ದಾಟುತ್ತಿಲ್ಲ. ತುಂಬಿ ಎರಡು ತಿಂಗಳಾದ ತೊಟ್ಟಿ ತೆರೆದರೆ ಒಳಗೆ ಅಂಟು ಮುದ್ದೆ. ಪುಡಿ ಜಾಸ್ತಿ ಮಾಡಬೇಕಾ, ಇಲ್ಲ ಸಮಿತಿಯವರು ಹೇಳುವ ಹಾಗೆ 24 ಗಂಟೆಯಲ್ಲಿ ಗೊಬ್ಬರ ಮಾಡುತ್ತದೆ ಎನ್ನುವ ಮೆಷೀನ್ ತರಬೇಕಾ?

ತರಗೆಲೆ

ಎರಡೂ ಬೇಡ. ಕೊಳೆತ ಮೊಟ್ಟೆ ವಾಸನೆ ಅಂದರೆ ಒಳಗೆ ಗಾಳಿ ಇಲ್ಲ ಅಂತ. ಅಮೋನಿಯಾ ಘಾಟು ಬಂದರೆ ಸಾರಜನಕ ಹೆಚ್ಚು, ಹುಳಿ ವಾಸನೆ ಬಂದರೆ ಅನ್ನ, ಸಾರು ಹೆಚ್ಚು. ನಿಮ್ಮದು ಮೊದಲನೆಯದು.

ಲೆಕ್ಕ ನೋಡಿ. ಅಡುಗೆಮನೆ ಕಸದಲ್ಲಿ ಸುಮಾರು 80% ನೀರು. 38 ಕೆಜಿಯಲ್ಲಿ 30 ಕೆಜಿ ನೀರೇ. ಇದನ್ನು 65% ತೇವಕ್ಕೆ ಇಳಿಸಲು 10 ಕೆಜಿ ಒಣ ಎಲೆ ಬೇಕು, 60%ಗೆ ಇಳಿಸಲು 15 ಕೆಜಿ. ಕತ್ತರಿಸಿದ ಎಲೆ 20 ಲೀಟರ್ ಬಕೆಟ್‌ಗೆ ಸುಮಾರು 2 ಕೆಜಿ ಹಿಡಿಯುತ್ತದೆ, ಅಂದರೆ ದಿನಕ್ಕೆ ಕನಿಷ್ಠ ಐದು ಬಕೆಟ್. ನೀವು ಹಾಕುತ್ತಿರುವುದು ಒಂದೂವರೆ, ಅದೂ ಕೋಕೋಪೀಟ್.

ಕೋಕೋಪೀಟ್ ನೀರು ಹೀರುತ್ತದೆ ನಿಜ, ಆದರೆ ನುಣ್ಣಗಿರುವುದರಿಂದ ಒದ್ದೆಯಾದೊಡನೆ ಒತ್ತಿಕೊಂಡು ಗಾಳಿಯ ಸಂದು ಮುಚ್ಚುತ್ತದೆ. ಒಣ ಪದಾರ್ಥಕ್ಕೆ ನೀರು ಹೀರುವುದಷ್ಟೇ ಅಲ್ಲ, ರಾಶಿಯನ್ನು ಎತ್ತಿ ಹಿಡಿಯುವ ಕೆಲಸವೂ ಇದೆ. ಅದಕ್ಕೆ 2–3 ಸೆಂಮೀ ಚೂರಿನ ಎಲೆ, ಮರದ ಚಕ್ಕೆ, ಹರಿದ ತೆಂಗಿನ ಸಿಪ್ಪೆ ಆಗಬೇಕು. ಬಡಗಿ ಅಂಗಡಿಯ ಹೊಟ್ಟು ತರುವುದಾದರೆ ಅಂಟಿಲ್ಲದ ಅಸಲಿ ಮರದ್ದು ಮಾತ್ರ. ಪ್ಲೈವುಡ್, ಎಂಡಿಎಫ್ ಹೊಟ್ಟಿನಲ್ಲಿ ಅಂಟು ಇರುತ್ತದೆ.

ಕಲಸಿದ್ದನ್ನು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿ, ಧಾರೆ ಇಳಿದರೆ ಇನ್ನೊಂದು ಬಕೆಟ್ ಎಲೆ.

ಜಾಲಿ ಗೋಡೆ

ತರಗೆಲೆಯವರ ಲೆಕ್ಕ ಒಪ್ಪಿದೆ. ಆದರೆ ಈಗಿರುವ ಮುದ್ದೆಯ ಮೇಲೆ ಎಲೆ ಸುರಿದರೆ ಏನೂ ಆಗದು, ತೊಟ್ಟಿಯನ್ನು ಖಾಲಿ ಮಾಡಲೇಬೇಕು. ಮುದ್ದೆಯನ್ನು ಟಾರ್ಪಾಲಿನ ಮೇಲೆ ಹರಡಿ, ಗುದ್ದಲಿ ಬಿಟ್ಟು ಹಲ್ಲಿನ ಫೋರ್ಕ್‌ನಿಂದ ಗಂಟು ಒಡೆದು, ಮುದ್ದೆಯ ಅಳತೆಯಷ್ಟೇ ಎಲೆ ಕಲಸಿ. ಮೊದಲ ದಿನ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ ಇರುತ್ತದೆ. ಬೆಳಗ್ಗೆ ಬೇಗ ಮಾಡಿ, ನೆಲಮಹಡಿಯವರಿಗೆ ಮೊದಲೇ ಹೇಳಿ.

ವಾಪಸ್ ತುಂಬುವ ಮುಂಚೆ ತಳಕ್ಕೆ ಅರ್ಧ ಅಡಿ ತೆಂಗಿನ ಸಿಪ್ಪೆ, ಕಡ್ಡಿ ಹಾಸಿ. ನಡುವೆ 4 ಇಂಚಿನ ಪಿವಿಸಿ ಪೈಪ್ ನೆಟ್ಟಗೆ ನಿಲ್ಲಿಸಿ, ಸುತ್ತ ನಾಲ್ಕು ಇಂಚಿಗೊಂದು 10 ಮಿಮೀ ತೂತು ಇರಲಿ. ಚಾವಣಿ ಗೋಡೆಯಿಂದ ಎರಡು ಅಡಿ ಹೊರಚಾಚದಿದ್ದರೆ ಇರಚಲು ಮಳೆ ಜಾಲಿಯೊಳಗೇ ಹೊಡೆಯುತ್ತದೆ. ಬೇಸಿಗೆಯಲ್ಲಿ ಮುಚ್ಚಿಹೋಗಿದ್ದ ತಪ್ಪು ಮಳೆಗಾಲದಲ್ಲಿ ಹೊರಬೀಳುವುದು ಇಲ್ಲೇ.

ಹದ ಸರಿ ಇದ್ದರೆ ಎರಡು ಮೂರು ದಿನದಲ್ಲಿ 55 ಡಿಗ್ರಿ ಮುಟ್ಟುತ್ತದೆ. ಉದ್ದ ಕಡ್ಡಿಯ ಥರ್ಮಾಮೀಟರ್ ನಡುವಿಗೆ ಚುಚ್ಚಿ ನೋಡಿ, ಮೂರು ದಿನ ಅಲ್ಲೇ ನಿಲ್ಲಬೇಕು. ಇಳಿದಾಗ ತಿರುವಿ, ಮತ್ತೆ ಏರುತ್ತದೆ.

ಮೈಕ್ರೋಬ್ ಪುಡಿಗೆ ದುಡ್ಡು ಸುರಿಯಬೇಡಿ. ಹಳೆಯ ಗೊಬ್ಬರ ಎರಡು ಬಕೆಟ್ ಸಾಕು, ಇಲ್ಲವಾದರೆ ಸಗಣಿ ನೀರು. ಗಾಳಿ ಇಲ್ಲದ ಕಡೆ ಪುಡಿ ಎಷ್ಟು ಹಾಕಿದರೂ ಗಾಳಿ ಬೇಕಾದ ಜೀವಿಗಳು ಕೆಲಸ ಮಾಡವು. ಕಪ್ಪು ನೀರನ್ನು ಗಿಡಕ್ಕೂ ಮಳೆನೀರಿನ ಚರಂಡಿಗೂ ಬಿಡಬೇಡಿ; ಒಣ ಎಲೆ ರಾಶಿಗೆ ಸುರಿದು ಅದನ್ನೇ ಮರುದಿನ ಬಳಸಿ.

ಇನ್ನು 24 ಗಂಟೆಯ ಮೆಷೀನ್: ಬಹುತೇಕ ಮಾದರಿಗಳು ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುತ್ತವೆ ಅಷ್ಟೆ. ಆ ಪುಡಿಗೆ ನೀರು ಸೋಕಿದೊಡನೆ ಕೊಳೆಯುವ ಕೆಲಸ ಕುಂಡದಲ್ಲಿ ಶುರುವಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಹೇಗಿದ್ದರೂ ಅದನ್ನು ತೊಟ್ಟಿಯಲ್ಲಿ ಮಾಗಿಸಬೇಕು, ಕರೆಂಟ್ ಬಿಲ್ ಬೇರೆ.

ಹುಳದ ಲೆಕ್ಕ

ಹುಳ ಯಾವುದು ನೋಡಿ. ಚಪ್ಪಟೆಯಾಗಿ, ಕಂದುಬಣ್ಣಕ್ಕೆ ತಿರುಗಿ, ಮೈಮೇಲೆ ಉಂಗುರದಂಥ ಗೆರೆ ಇದ್ದರೆ ಬ್ಲ್ಯಾಕ್ ಸೋಲ್ಜರ್ ಫ್ಲೈ ಮರಿ. ಅದು ಕಸ ತಿಂದು ಕರಗಿಸುತ್ತದೆ. ಅದರ ನೊಣ ಮನೆಯೊಳಗೆ ಊಟದ ಮೇಲೆ ಮುತ್ತುವ ಜಾತಿಯಲ್ಲ. ಬೆಳ್ಳಗೆ, ಒಂದು ತುದಿ ಚೂಪಾಗಿದ್ದರೆ ಮನೆನೊಣದ್ದು, ಬಿಡಬಾರದು. ದಿನಾ ಕೊನೆಗೆ ಎರಡು ಇಂಚು ಹಳೆಯ ಗೊಬ್ಬರ ಅಥವಾ ಎಲೆ ಮುಚ್ಚಿ, ಕಸದ ಒಂದು ಚೂರೂ ಕಾಣಬಾರದು. ಅಂಚಿನ ಕಸಕ್ಕೆ ಬಿಸಿ ತಟ್ಟುವುದಿಲ್ಲ, ಹುಳ ಸೇರುವುದೂ ಅಲ್ಲೇ. ತಿರುವುವಾಗ ಅಂಚಿನದ್ದನ್ನು ನಡುವಿಗೆ ತಳ್ಳಿ.

ಮನೆಗಳಲ್ಲೂ ಒಂದು ಬದಲಾವಣೆ: ಸಾರು, ಮಜ್ಜಿಗೆ, ಪಾಯಸದ ನೀರನ್ನು ಸಿಂಕಿನ ಜರಡಿಯಲ್ಲಿ ಸೋಸಿ ಗಟ್ಟಿಯನ್ನು ಮಾತ್ರ ಕೊಡಲಿ. ‘ಕಾಂಪೋಸ್ಟೆಬಲ್’ ಕವರ್ ತೊಟ್ಟಿಗೆ ಬೇಡ. ಅದು ಕರಗುವುದು ವಾರಗಟ್ಟಲೆ 58 ಡಿಗ್ರಿ ಸುಮಾರಿನಲ್ಲಿ ನಡೆಯುವ ದೊಡ್ಡ ಘಟಕದಲ್ಲಿ. ಎಳನೀರು ಬುರುಡೆ, ಮಾವಿನ ಓಟೆಯನ್ನು ಒಡೆಯದೆ ಹಾಕಿದರೆ ಗೊಬ್ಬರ ಜರಡಿ ಹಿಡಿದಾಗಲೆಲ್ಲ ಅವೇ ಮತ್ತೆ ಸಿಗುತ್ತವೆ.

ಮೂರನೇ ತೊಟ್ಟಿ

ಮಳೆಗಾಲದಲ್ಲಿ ದಿನಕ್ಕೆ 10 ಕೆಜಿ ಒಣ ಎಲೆ ಎಲ್ಲಿಂದ ತರುವುದು? ಗೊಬ್ಬರ ಆಗಿದೆ ಅಂತ ತಿಳಿಯುವುದು ಹೇಗೆ?

ತರಗೆಲೆ

ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ, ಮಳೆಮರ ಉದುರಿಸುವಾಗಲೇ ಕೂಡಿಡಬೇಕು. ಜೂನ್‌ನಿಂದ ಅಕ್ಟೋಬರ್‌ಗೆ 1,500 ಕೆಜಿ, ಕತ್ತರಿಸಿದರೂ 8×8×8 ಅಡಿ ಜಾಗ. ಅಷ್ಟು ಇಲ್ಲದಿದ್ದರೆ ಜರಡಿಯ ಮೇಲೆ ಉಳಿಯುವ ಒರಟನ್ನು ಒಣಗಿಸಿ ಮತ್ತೆ ಬಳಸಿ, ಎಲೆ ಖರ್ಚು ಗಣನೀಯವಾಗಿ ಇಳಿಯುತ್ತದೆ. ಈ ವರ್ಷಕ್ಕಂತೂ ಮರದ ಚಕ್ಕೆ ಕೊಂಡು ತರಬೇಕು, ಬೇರೆ ದಾರಿ ಇಲ್ಲ. ಚಕ್ಕೆ ಬೇಗ ಕರಗದು, ನಾಲ್ಕೈದು ಸರ್ತಿ ಜರಡಿ ಹಿಡಿದು ಬಳಸಬಹುದು.

ಆಗಿದೆಯಾ ಅಂತ ನೋಡಲು ಒದ್ದೆ ಗೊಬ್ಬರ ಒಂದು ಹಿಡಿಯನ್ನು ಜಿಪ್ ಕವರ್‌ನಲ್ಲಿ ಮೂರು ದಿನ ಮುಚ್ಚಿಡಿ. ತೆರೆದಾಗ ಮಣ್ಣಿನ ವಾಸನೆ ಬರಬೇಕು. ಅದೇ ಗೊಬ್ಬರ ಅರ್ಧ, ಮಣ್ಣು ಅರ್ಧ ಸೇರಿಸಿ ಹತ್ತು ಮೆಂತ್ಯ ಕಾಳು ಬಿತ್ತಿ. ಬರೀ ಮಣ್ಣಿನಲ್ಲೂ ಹತ್ತು. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆ ಬಂದರೆ ಇನ್ನೂ ಹದಿನೈದು ದಿನ ಮಾಗಲಿ. ಆಮೇಲೆ 4 ಮಿಮೀ ಜರಡಿ. ಒದ್ದೆ ಇರುವಾಗ ಜರಡಿ ಹಿಡಿದರೆ ಬಲೆ ಕಟ್ಟಿಕೊಳ್ಳುತ್ತದೆ, ನೆರಳಲ್ಲಿ ಎರಡು ದಿನ ಹರಡಿ.