ಮಂಡಿ ಶಸ್ತ್ರಚಿಕಿತ್ಸೆಯ ನಂತರ ಕಾಲಿಗೆ ಕಟ್ಟುವ ಸೆನ್ಸರನ್ನು ಎಷ್ಟು ನಂಬಬಹುದು?

ಪ್ರಶ್ನೆ (ಮಂಡ್ಯದಿಂದ):
ನಮಸ್ಕಾರ ಮೇಡಂ. ನಮ್ಮ ತಾಯಿಯವರಿಗೆ 66 ವರ್ಷ. ಬಲ ಮಂಡಿ ಬದಲಾಯಿಸಿ ಐದು ವಾರವಾಯಿತು. ವಾರಕ್ಕೊಮ್ಮೆ ಮೈಸೂರಿಗೆ ಫಿಸಿಯೋಥೆರಪಿಗೆ ಕರೆದುಕೊಂಡು ಬರುತ್ತೇವೆ. ಮನೆಯಲ್ಲಿ ಎಷ್ಟು ನಡೆಯುತ್ತಾರೆಂದು ತಿಳಿಯಲು ಸ್ಮಾರ್ಟ್‌ವಾಚ್ ಕಟ್ಟಿದೆವು. ಅವರು ವಾಕರ್ ಹಿಡಿದು ಹಜಾರದಲ್ಲಿ ನಡೆದಾಗ ನಾನೇ ಎಣಿಸಿದ್ದು 120 ಹೆಜ್ಜೆ, ವಾಚು ತೋರಿಸಿದ್ದು 14. ಈಗ ಕಾಲಿಗೆ ಕಟ್ಟುವ ಸೆನ್ಸರ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಅದನ್ನಾದರೂ ನಂಬಬಹುದೇ?

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು):
ನಿಮ್ಮ ವಾಚು ಕೆಟ್ಟಿರಲಾರದು. ಮಣಿಕಟ್ಟಿನ ವಾಚು ಮುಖ್ಯವಾಗಿ ಕೈ ಬೀಸುವ ಲಯವನ್ನು ಹಿಡಿದು ಹೆಜ್ಜೆ ಎಣಿಸುತ್ತದೆ. ವಾಕರ್ ಹಿಡಿದ ಕೈ ಬೀಸುವುದೇ ಇಲ್ಲ, ನಡಿಗೆಯೂ ನಿಧಾನ. ಕಾಲಿನ ಸೆನ್ಸರ್ ಕೆಲಸ ಮಾಡುವ ಬಗೆ ಬೇರೆ. ತೊಡೆಗೊಂದು, ಮಂಡಿಯ ಕೆಳಗೊಂದು ಕಟ್ಟಿದಾಗ ಎರಡರ ಓರೆಯಲ್ಲಿರುವ ವ್ಯತ್ಯಾಸದಿಂದ ಮಂಡಿ ಎಷ್ಟು ಮಡಚಿತೆಂಬುದು ಸಿಗುತ್ತದೆ. ಒಳಗಿರುವ ಜೈರೊಸ್ಕೋಪ್ ತಿರುಗುವ ವೇಗವನ್ನು ಅಳೆಯುತ್ತದೆ, ಆದರೆ ಆ ವೇಗವನ್ನು ಕೂಡಿಸುತ್ತಾ ಹೋದಂತೆ ಸಣ್ಣ ತಪ್ಪುಗಳೂ ಕೂಡಿಕೊಳ್ಳುವುದರಿಂದ, ಗುರುತ್ವದ ದಿಕ್ಕನ್ನು ಅರಿಯುವ ಆಕ್ಸೆಲೆರೊಮೀಟರಿನ ನೆರವಿನಿಂದ ಲೆಕ್ಕವನ್ನು ಆಗಾಗ ತಿದ್ದಬೇಕಾಗುತ್ತದೆ.

ನನ್ನ ಎಚ್ಚರಿಕೆ ಒಂದೇ. ಎಷ್ಟೋ ಸೆನ್ಸರ್‌ಗಳಲ್ಲಿ, ಕಟ್ಟಿಕೊಂಡು ನೆಟ್ಟಗೆ ನಿಂತ ಭಂಗಿಯನ್ನೇ ಸೊನ್ನೆ ಎಂದು ಗುರುತಿಸಿಕೊಳ್ಳುವ ಕ್ರಮವಿದೆ. ತಾಯಿಯವರ ಮಂಡಿ ಇನ್ನೂ 10 ಡಿಗ್ರಿ ಬಾಗಿಯೇ ಇದ್ದರೆ ಯಂತ್ರ ಅದನ್ನೂ ಸೊನ್ನೆ ಎಂದುಕೊಳ್ಳುತ್ತದೆ, ನೀವು ಕಾಲು ಪೂರ್ತಿ ನೇರವಾಯಿತೆಂದು ಸಮಾಧಾನಪಡುತ್ತೀರಿ. ಮನೆಯವರೆಲ್ಲ ಮಡಚುವುದನ್ನೇ ವಿಚಾರಿಸುತ್ತಾರೆ. ನೇರವಾಗುವುದನ್ನು ಕೇಳುವವರು ಅಪರೂಪ. ಸಮನೆಲದ ನಡಿಗೆಗೆ ಸುಮಾರು 60 ಡಿಗ್ರಿ ಮಡಚಿದರೆ ಸಾಕು, ಮೆಟ್ಟಿಲಿಗೆ 90ರ ಆಸುಪಾಸು ಬೇಕು. ಆದರೆ ನೇರವಾಗದ ಮಂಡಿಯಿಂದ ಪ್ರತಿ ಹೆಜ್ಜೆಯಲ್ಲೂ ಕುಂಟು ಉಳಿಯುತ್ತದೆ. ಆದ್ದರಿಂದ ಮುಂದಿನ ಭೇಟಿಯಲ್ಲಿ ಗೋನಿಯೋಮೀಟರಿನಿಂದ (ಕೀಲಿನ ಕೋನ ಅಳೆಯುವ ಸಾಧನ) ಅಳೆಸಿ, ಸೆನ್ಸರಿನ ಅಂಕಿಗೆ ತಾಳೆ ನೋಡಿಸಿ.

ಮರುಪ್ರಶ್ನೆ:
ಮಲಗಿದಾಗ ನೋವೆಂದು ಮಂಡಿಯ ಕೆಳಗೆ ದಿಂಬು ಇಟ್ಟಿದ್ದೇವೆ. ಸೆನ್ಸರನ್ನು ದಿನವಿಡೀ ಕಟ್ಟಿರಬೇಕೇ?

ಉತ್ತರ:
ದಿಂಬನ್ನು ಇಂದೇ ತೆಗೆಯಿರಿ, ಅದು ಮಂಡಿಯನ್ನು ಬಾಗಿಸಿಯೇ ಇಡುತ್ತದೆ. ಬೇಕಾದರೆ ಹಿಮ್ಮಡಿಯ ಕೆಳಗೆ ಮಡಚಿದ ಟವಲ್ ಇಡಿ. ಸೆನ್ಸರನ್ನು ವ್ಯಾಯಾಮಕ್ಕೆ ಮತ್ತು ಒಂದು ಸುತ್ತಿನ ನಡಿಗೆಗೆ ಕಟ್ಟಿದರೆ ಸಾಕು. ಪಟ್ಟಿ ಗಾಯದ ಗೆರೆಯ ಮೇಲೆ ಬರಬಾರದು. ಜಾರಿದರೆ ಅಂಕಿಯೂ ಜಾರುತ್ತದೆ, ಹಾಗಾಗಿ ಪ್ರತಿದಿನ ಅದೇ ಜಾಗದಲ್ಲಿ ಕಟ್ಟಲು ಚರ್ಮದ ಮೇಲೆ ಪೆನ್ನಿನಿಂದ ಸಣ್ಣ ಗುರುತು ಹಾಕಿಕೊಳ್ಳಿ.