‘ತಿಥಿ’ ಚಿತ್ರದಲ್ಲಿ ಅಳುವವರು ಯಾರು?

ಕೆರೆಏರಿ (ಪ್ರಶ್ನೆ):
ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಯನ್ನು 2016ರಲ್ಲಿ ಚಿತ್ರಮಂದಿರದಲ್ಲಿ ನೋಡಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಕಳೆದ ತಿಂಗಳು ತಂದೆಯವರ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದ ಮೇಲೆ ಅದನ್ನೇ ಮತ್ತೆ ನೋಡಿದೆ. ಈ ಸಲವೂ ನಗು ಬಂತು, ಆದರೆ ಅದರ ಹಿಂದೆಯೇ ನಾಚಿಕೆಯೂ ಬಂತು. 101 ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈದು, ಮೂತ್ರಕ್ಕೆಂದು ಎದ್ದುಹೋಗಿ, ಅಲ್ಲಿಯೇ ಕುಸಿದು ಸಾಯುತ್ತಾನೆ. ಮುಂದಿನ ಹನ್ನೊಂದು ದಿನ ಮನೆಯವರು ಸಾಲ, ಜಮೀನು, ಊಟದ ಏರ್ಪಾಡುಗಳಲ್ಲಿ ಮುಳುಗಿರುತ್ತಾರೆಯೇ ಹೊರತು ಸತ್ತವನಿಗಾಗಿ ಮನಸಾರೆ ಮರುಗಿದವರು ನನಗೆ ಕಾಣಲಿಲ್ಲ. ಇದನ್ನು ಸಾವಿನ ದುಃಖದ ಚಿತ್ರವೆಂದು ಕರೆಯುವುದು ಸರಿಯೇ?

ಬಯಲುಸೀಮೆ:
ಮೊಮ್ಮಗ ತಮ್ಮಣ್ಣನಿಗೆ ಅಳಲು ಪುರುಸೊತ್ತಾದರೂ ಎಲ್ಲಿದೆ, ಸರ್? ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿದೆ; ಅಜ್ಜ ಸತ್ತರೆ ಅದು ತಂದೆ ಗಡ್ಡಪ್ಪನಿಗೆ ಬರಬೇಕು; ಗಡ್ಡಪ್ಪನಿಗೋ ಬೀಡಿ ಮತ್ತು ಟೈಗರ್ ಬ್ರಾಂದಿಯ ಹೊರತು ಯಾವ ಆಸ್ತಿಯೂ ಬೇಡ. ಹಾಗಾಗಿ ಬದುಕಿರುವ ತಂದೆಯನ್ನು ಕಾಗದದಲ್ಲಿ ಸಾಯಿಸುವ ದಾರಿ ಹಿಡಿಯುತ್ತಾನೆ. ಪೌತಿ ಖಾತೆಗಾಗಿ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು) ಅಲೆದವರಿಗೆ ಇದು ಅತಿಶಯೋಕ್ತಿ ಎನಿಸದು. ನಮ್ಮ ಅಜ್ಜನ ಪಹಣಿಯಲ್ಲಿ ಹೆಸರಿನ ಕೊನೆಗೆ ‘ಗೌಡ’ ಇತ್ತು, ಮರಣ ಪ್ರಮಾಣ ಪತ್ರದಲ್ಲಿ ಇರಲಿಲ್ಲ. ಸತ್ತವರು ಅವರೇ ಎಂದು ಸಾಬೀತುಪಡಿಸಲು ನಮಗೆ ಒಂದೂವರೆ ವರ್ಷ ಹಿಡಿಯಿತು. ಮಣ್ಣು ಮಾಡಿದ ದಿನ ಕಲ್ಲಿನಂತೆ ಕುಳಿತಿದ್ದ ಅಜ್ಜಿ, ಖಾತೆಯಾದ ದಿನ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಗೋಳೋ ಎಂದು ಅತ್ತರು.

ಹೊಂಗೆನೆರಳು:
ತಮ್ಮಣ್ಣನ ಮಟ್ಟಿಗೆ ಬಯಲುಸೀಮೆಯವರ ಮಾತನ್ನು ಒಪ್ಪುತ್ತೇನೆ. ಆದರೆ ನೀವಿಬ್ಬರೂ ಗಡ್ಡಪ್ಪನನ್ನು ಬರಿಯ ಉಂಡಾಡಿ ಎಂದು ತಿಳಿದಂತಿದೆ. ತಂದೆ ಸತ್ತ ಸುದ್ದಿ ಕೇಳಿಯೂ ಅವನು ಕದಲುವುದಿಲ್ಲ, ಏಕೆಂದರೆ ಅವನ ದುಃಖ ಆ ಸಾವಿಗಿಂತ ಬಹಳ ಹಳೆಯದು. ಕುರಿಗಾಹಿಗಳ ಜೊತೆ ರಾತ್ರಿ ಬೆಂಕಿಯ ಸುತ್ತ ಕುಳಿತು ಅವನು ತನ್ನ ಸಂಸಾರದ ಕಥೆ ಹೇಳುವ ದೃಶ್ಯವನ್ನು ದಯವಿಟ್ಟು ಮತ್ತೊಮ್ಮೆ ನೋಡಿ (ಕಥೆ ಏನೆಂಬುದನ್ನು ಚಿತ್ರ ನೋಡದವರಿಗಾಗಿ ಇಲ್ಲಿ ಬರೆಯುವುದಿಲ್ಲ). ಪಳಗಿದ ನಟರಾಗಿದ್ದರೆ ಅಲ್ಲಿ ಗಂಟಲು ಬಿಗಿದುಕೊಳ್ಳುತ್ತಿದ್ದರು. ಗಡ್ಡಪ್ಪನ ಪಾತ್ರ ಮಾಡಿದ, ಹಿಂದೆಂದೂ ಕ್ಯಾಮೆರಾ ಎದುರಿಸದಿದ್ದ ಚನ್ನೇಗೌಡರು ಸಂತೆಯ ಲೆಕ್ಕ ಒಪ್ಪಿಸುವವರಂತೆ ಹೇಳಿ ಮುಗಿಸುತ್ತಾರೆ. ಅದನ್ನು ಕೇಳಿದ ಮೇಲೆ, ಅಲ್ಲಿಯವರೆಗೆ ನಮ್ಮನ್ನು ನಗಿಸಿದ್ದ ಅವನ ಅಲೆದಾಟ, ಮನೆಗೆ ಹೋಗಲಾರದವನ ನಡಿಗೆಯಾಗಿ ಕಾಣತೊಡಗುತ್ತದೆ. ಇದಕ್ಕಿಂತ ದುಃಖದ ಚಿತ್ರ ಬೇಕೇ?

ಮದ್ದೂರುವಡೆ:
ನಾಚಿಕೆಪಡುವಂಥದ್ದು ಏನೂ ಇಲ್ಲ. ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಲನಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಪಡೆದಾಗಿನಿಂದ ಎಲ್ಲರೂ ಇದನ್ನು ಕಪ್ಪು ಹಾಸ್ಯ ಎನ್ನುತ್ತಿದ್ದಾರೆ. ಮಂಡ್ಯ ಕಡೆಯ ನಮಗೆ ಅದು ದಿನದ ಮಾತು. ಕಥೆಯಲ್ಲಿ ಪಾಲುದಾರರಾದ ಈರೇಗೌಡರು ನಮ್ಮ ಕಡೆಯ ನೊದೆಕೊಪ್ಪಲು ಹಳ್ಳಿಯವರೇ ಆದ್ದರಿಂದ, ಸಾವಿನ ಮನೆಯಲ್ಲಿ ಬಾಡೂಟದ ಕುರಿಯ ಚೌಕಾಸಿ ಹೇಗೆ ನಡೆಯುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆರೆಏರಿ:
ಎಲ್ಲರಿಗೂ ವಂದನೆಗಳು. ತಂದೆಯವರ ಎಡೆಗೆ ನಾವು ಒಂದು ಕಟ್ಟು ಬೀಡಿ ಇಟ್ಟಿದ್ದೆವು. ಬೆಂಕಿಪೊಟ್ಟಣ ಮರೆತಿದ್ದೀರಲ್ಲ ಎಂದು ಅವರ ಹಳೆಯ ಗೆಳೆಯರೊಬ್ಬರು ತಮ್ಮ ಜೇಬಿನಿಂದಲೇ ಒಂದನ್ನು ತೆಗೆದು, ಕಡ್ಡಿಗಳಿವೆಯೇ ಎಂದು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಬೀಡಿಯ ಪಕ್ಕದಲ್ಲಿಟ್ಟರು. ಮನೆಯವರೆಲ್ಲ ನಕ್ಕೆವು. ಅವರು ನಗಲಿಲ್ಲ. ಗಡ್ಡಪ್ಪನ ಆ ದೃಶ್ಯವನ್ನು ಇಂದು ರಾತ್ರಿ ಮತ್ತೆ ನೋಡುತ್ತೇನೆ.