ಪ್ರಶ್ನೋತ್ತರ: ‘ಲೆಟ್’ ಎಂದರೆ ಬಿಡುವುದೋ, ತಡೆಯುವುದೋ?

ಪ್ರಶ್ನೆ: ಬಾಡಿಗೆ ಕರಾರೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲಿ ‘ಲೆಟ್’ ಎಂದರೆ ಬಾಡಿಗೆಗೆ ಕೊಡುವುದು ಎಂಬುದು ಸ್ಪಷ್ಟವಾಗಿದೆ. ಆದರೆ ಮುಂದೆ, ಬಾಡಿಗೆದಾರರು ಮನೆಯನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅನುಭವಿಸಬಹುದು ಎಂದಿದೆ. ಅದನ್ನು ‘ಬಾಡಿಗೆಗೆ ಕೊಡದೆ, ಅಡ್ಡಿಪಡಿಸದೆ’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ (ಕಾನೂನು ಪತ್ರಗಳ ಅನುವಾದಕರು): ಸರಿಯಲ್ಲ, ದಯವಿಟ್ಟು ತಿದ್ದಿ. ಆ ವಾಕ್ಯ ಮಾಲೀಕರು ಕೊಡುವ ಭರವಸೆ. ನೀವು ಬರೆದಂತೆ ಓದಿದರೆ ಅದು ಒಳಬಾಡಿಗೆಗೆ ಕೊಡಬಾರದೆಂಬ ನಿರ್ಬಂಧವಾಗಿ ಬಾಡಿಗೆದಾರರ ತಲೆಯ ಮೇಲೆ ಕೂರುತ್ತದೆ. ಇಲ್ಲಿರುವುದು ಬೇರೆಯೇ ‘ಲೆಟ್’. ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಎಂದರೆ ಬಿಡು, ‘ಲೆಟ್ಟನ್’ ಎಂದರೆ ತಡೆ. ಉಚ್ಚಾರ ಸವೆಯುತ್ತಾ ಎರಡೂ ಒಂದೇ ರೂಪಕ್ಕೆ ಬಂದುದರಿಂದ, ಪರಸ್ಪರ ವಿರುದ್ಧವಾದ ಅರ್ಥಗಳು ಒಂದೇ ಪದದಲ್ಲಿ ಉಳಿದುಕೊಂಡವು. ತಡೆಯುವ ‘ಲೆಟ್’ಗೆ ‘ಲೇಟ್’ ಎಂಬುದು ಹತ್ತಿರದ ನಂಟು, ಏಕೆಂದರೆ ಅದರ ಮೂಲಾರ್ಥ ತಡಮಾಡಿಸುವುದು. ನಮ್ಮಲ್ಲಿಯೂ ‘ತಡ’ ಮತ್ತು ‘ತಡೆ’ ಒಂದೇ ಬಳ್ಳಿಯವು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಈ ಅರ್ಥ ಇಂದಿನ ಮಾತಿನಲ್ಲಿ ಬಹುಮಟ್ಟಿಗೆ ಅಳಿದಿದೆ. ಆದರೆ ನಿಮ್ಮ ಪಾಸ್‌ಪೋರ್ಟ್ ತೆರೆದು ನೋಡಿ: ಇದನ್ನು ಹೊಂದಿದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಸಾಗಗೊಡಬೇಕೆಂದು ರಾಷ್ಟ್ರಪತಿಯವರ ಹೆಸರಿನಲ್ಲಿ ಕೋರಿರುವುದು ಅದರಲ್ಲಿದೆ. ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಸರಿಯಾದ ಅಂಕಣದಲ್ಲೇ ಬಿದ್ದಾಗ ‘ಲೆಟ್’ ಎನ್ನುವುದೂ, ಪಕ್ಕದ ಅಂಗಣದ ಚೆಂಡು ಉರುಳಿ ಬಂದಾಗ ಆ ಪಾಯಿಂಟನ್ನು ಮತ್ತೆ ಆಡಿಸುವುದೂ ಈ ಪದದಿಂದಲೇ.

ನಿಮ್ಮ ವಾಕ್ಯಕ್ಕೆ ‘ಯಾವುದೇ ಅಡ್ಡಿ ಆತಂಕವಿಲ್ಲದೆ’ ಎಂಬುದು ಸಾಕು. ಇಂಗ್ಲಿಷ್ ಪತ್ರಗಳಂತೆ ನಮ್ಮ ಕ್ರಯಪತ್ರಗಳೂ ಜೋಡುಪದಗಳನ್ನು ಇಷ್ಟಪಡುತ್ತವೆ. ‘ತಂಟೆ ತಕರಾರು’ ಅಂಥದ್ದೇ.

ಮರುಪ್ರಶ್ನೆ: ‘ಆತಂಕ’ ಎಂದರೆ ಈಗ ಕಳವಳ ಎಂದಲ್ಲವೇ? ಓದುವವರು ತಪ್ಪು ತಿಳಿಯುವುದಿಲ್ಲವೇ?

ಉತ್ತರ: ಪತ್ರಗಳ ಭಾಷೆಯಲ್ಲಿ ಅದಕ್ಕೆ ‘ತಡೆ’ ಎಂಬ ಅರ್ಥ ಇನ್ನೂ ಜೀವಂತವಾಗಿದೆ, ಪಕ್ಕದಲ್ಲಿರುವ ‘ಅಡ್ಡಿ’ ಅದನ್ನು ಕಾಯುತ್ತದೆ. ಒಂಟಿಯಾಗಿ ಬಳಸುವುದಾದರೆ ಮಾತ್ರ ‘ಅಡಚಣೆ’ ಎಂದು ಬರೆಯಿರಿ. ‘ತಡೆ’ಯನ್ನು ಇಲ್ಲಿ ಬೇಡವೆನ್ನುತ್ತೇನೆ, ಏಕೆಂದರೆ ಕರಾರನ್ನು ಓದುವ ವಕೀಲರಿಗೆ ಆ ಪದ ಕಂಡೊಡನೆ ನ್ಯಾಯಾಲಯದ ತಡೆಯಾಜ್ಞೆಯೇ ನೆನಪಾಗುತ್ತದೆ.